ಇಸ್ತ್ರಿ ಅಕ್ಕನ ಮನೆಕೂಟ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು ಅವಳು. ಚರ್ಚಿನವರಿಗೆಲ್ಲ ಇಸ್ತ್ರಿ ಅಕ್ಕ. ಬಿಸಿಗೆ ಅಂಗೈ ಹಲಗೆಯಂತಾಗಿತ್ತು, ಮಾತೂ ಅಷ್ಟೇ ಗಟ್ಟಿ. ಗಂಡ ತೀರಿಕೊಂಡ ವರ್ಷ, ಮನೆಕೂಟಕ್ಕೆ ಮುಂದಿನ ಕೋಣೆ ಕೊಡುತ್ತೀರಾ ಎಂದು ಯಾರೋ ಕೇಳಿದರು. ಒಬ್ಬಳೇ ಗೋಡೆ ನೋಡಿಕೊಂಡು ಕೂರುವುದಕ್ಕಿಂತ ವಾಸಿ ಎಂದು ಒಪ್ಪಿಕೊಂಡಳು. ಅಂದಿನಿಂದ ಪ್ರತಿ ಬುಧವಾರ ಸಂಜೆ ಆರಕ್ಕೆ ಏಳೆಂಟು ಜನ ಸೇರಿ ಸತ್ಯವೇದ ಓದಿ, ಪ್ರಾರ್ಥನೆ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು.

ಕೂಟ ನಡೆಸುತ್ತಿದ್ದವರು ಚರ್ಚ್ ಸಭೆಯ ಹಿರಿಯರೊಬ್ಬರು, ನಿವೃತ್ತ ಹೆಡ್‌ಮಾಸ್ಟರು. ಕೆಟ್ಟವರಲ್ಲ. ಆದರೆ ಯಾರು ಬಾಯಿ ತೆರೆದರೂ ಅವರ ಬಳಿ ಉತ್ತರ ತಯಾರಿರುತ್ತಿತ್ತು. ಕೂಟಕ್ಕೆ ಬರುತ್ತಿದ್ದ ಬಸ್ ಡ್ರೈವರ್ ಒಮ್ಮೆ, "ಮಗಳು ತೀರ್ಕೊಂಡ ಮೇಲೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ" ಎಂದ. ಅವನ ಮಾತು ಮುಗಿಯುವ ಮೊದಲೇ ಹಿರಿಯರು ಸತ್ಯವೇದದಿಂದ ಮೂರು ವಚನ ಓದಿಸಿ, ವಿಶ್ವಾಸ ತಗ್ಗಿದರೆ ಹೀಗಾಗುತ್ತದೆ ಎಂದು ತಿಳಿಹೇಳಿದರು. ಮುಂದಿನ ವಾರದಿಂದ ಅವನೂ ಎಲ್ಲರಂತೆ "ದೇವರ ದಯೆ, ಚೆನ್ನಾಗಿದ್ದೀನಿ" ಎನ್ನತೊಡಗಿದ.

ಅಕ್ಕನಿಗೆ ಅದು ಕಿವಿಗೆ ಚುಚ್ಚುತ್ತಿತ್ತು. ಒಂದು ಬುಧವಾರ ಕ್ಷೇಮ ಹೇಳುವ ತನ್ನ ಸರದಿ ಬಂದಾಗ, "ನಾನು ಚೆನ್ನಾಗಿಲ್ಲ" ಎಂದುಬಿಟ್ಟಳು. "ಸೊಸೆಗೆ ಮಗು ನಿಲ್ಲಲಿಲ್ಲ. ಆಸ್ಪತ್ರೆ ಮಂಚದ ಪಕ್ಕದಲ್ಲೇ ನಿಂತು, ನೀನು ಜೋಪಾನ ಮಾಡಿದ್ರೆ ಹೀಗಾಗ್ತಿತ್ತಾ ಅಂದೆ. ಮೂರು ವರ್ಷ ಆಯ್ತು, ಮಗ ಈ ಹೊಸಲು ತುಳಿದಿಲ್ಲ. ತಪ್ಪು ನಂದೇ."

ಹಿರಿಯರು ಒಂದು ವಚನ ಓದಿಸಿ ಮುಂದಿನವರ ಕಡೆ ತಿರುಗಿದರು. ಕೂಟ ಮುಗಿದ ಮೇಲೆ ಡ್ರೈವರ್ ಹಿಂದೆ ಉಳಿದು ಲೋಟಗಳನ್ನು ತೊಳೆದುಕೊಟ್ಟ. "ನಂಗೆ ಇನ್ನೂ ಪ್ರಾರ್ಥನೆ ಬರಲ್ಲ ಅಕ್ಕ. ಸುಮ್ನೆ ಸುಳ್ಳು ಹೇಳ್ತಿದ್ದೆ" ಎಂದ.

ಭಾನುವಾರ ಆರಾಧನೆಯಲ್ಲಿ ಹಿರಿಯರು ಮೈಕ್ ಮುಂದೆ ನಿಂತು, ಸೊಸೆಯ ಮನಸ್ಸು ಮುರಿದು ಮಗನನ್ನು ದೂರ ಮಾಡಿಕೊಂಡ ಬುಧವಾರದ ಕೂಟದ ಸಹೋದರಿಗಾಗಿ ಎಲ್ಲರೂ ಬೇಡಿಕೊಳ್ಳಲಿ ಎಂದರು. ಇನ್ನೂರು ತಲೆಗಳು ತಿರುಗಿದವು. ಅಕ್ಕನ ಮುಖ ಇಸ್ತ್ರಿ ಪೆಟ್ಟಿಗೆಯಂತೆ ಕಾವೇರಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ. ತಿರುಗಿ ನೋಡಿದವರನ್ನೆಲ್ಲ ತಾನೂ ನೋಡಿದಳು.

ಬುಧವಾರ ಹಿರಿಯರು ಹೆಂಡತಿಯೊಂದಿಗೆ ಬಂದು ಕೂರುವ ಮುಂಚೆಯೇ ಅಕ್ಕ ಕೇಳಿದಳು: "ಇಲ್ಲಿ ಕೇಳಿದ್ದನ್ನ ಅಲ್ಲಿ ಯಾಕೆ ಹೇಳಿದ್ರಿ?"

"ಪ್ರಾರ್ಥನೆಗೋಸ್ಕರ ಸಿಸ್ಟರ್. ಎಲ್ಲರೂ ಸೇರಿ ಬೇಡ್ಕೊಂಡ್ರೆ..."

"ನನ್ನನ್ನ ಕೇಳಿದ್ರಾ?"

ಹಿರಿಯರು ಕನ್ನಡಕ ಒರೆಸಿಕೊಂಡರು.

"ಇನ್ಮೇಲೆ ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಒಬ್ಬರು ಮಾತಾಡ್ತಿದ್ರೆ ಮುಗಿಯೋ ತನಕ ಇನ್ನೊಬ್ಬರು ಬಾಯಿ ಹಾಕಬಾರದು. ನೀವೂ ಸೇರಿ."

"ಕೂಟಕ್ಕೆ ಕಾನೂನು ಮಾಡೋಕೆ ನೀವ್ಯಾರು?"

"ಚಹಾ ಮಾಡೋಳು."

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಹಿರಿಯರು ಎದ್ದು ಹೋದರು. ಅವರ ಹಿಂದೆಯೇ ಹೆಂಡತಿ.

ಪಾಸ್ಟರ್ ಅಕ್ಕನನ್ನು ಕರೆಸಿದರು. ಮಗನ ವಯಸ್ಸಿನವರು, ಜಗಳವೆಂದರೆ ಬೆವರುವವರು. "ಹಿರಿಯರ ಸಮಾಧಾನಕ್ಕೆ ಒಂದು ಕ್ಷಮೆ ಕೇಳಿಬಿಡಿ ಅಕ್ಕ" ಎಂದರು.

"ಸೊಸೆ ಹತ್ರ ಕೇಳೋದಿದೆ, ಕೇಳ್ತೀನಿ. ಇವರ ಹತ್ರ ಏನಕ್ಕೆ?"

"ಹಾಗಾದ್ರೆ ಕೂಟವನ್ನ ಹಿರಿಯರ ಮನೆಗೆ ಹಾಕ್ಬೇಕಾಗುತ್ತೆ. ಮನೆಕೂಟಗಳ ಪಟ್ಟಿಯಿಂದ ನಿಮ್ಮ ಮನೆ ತೆಗೀಬೇಕು."

"ಪಟ್ಟಿ ನಿಮ್ಮದು, ತೆಗೀರಿ. ಬಾಗಿಲು ನಂದು. ಬುಧವಾರ ತೆರೆದೇ ಇರುತ್ತೆ."

ಭಾನುವಾರ ಚರ್ಚಿಗೆ ಹೋಗುವುದನ್ನೂ ಬಿಡಲಿಲ್ಲ. ಮೊದಲು ಹಿಂದೆ ಕೂರುತ್ತಿದ್ದವಳು ಈಗ ಎರಡನೇ ಸಾಲಿಗೆ ಬಂದಳು.

ಮನೆ ಪಟ್ಟಿಯಿಂದ ಹೋದ ಮೇಲಿನ ಮೊದಲ ಬುಧವಾರ ಆರೂಕಾಲಾದರೂ ಯಾರ ಸುಳಿವೂ ಇಲ್ಲ. ಆಮೇಲೆ ಡ್ರೈವರ್ ಯೂನಿಫಾರ್ಮಿನಲ್ಲೇ ಬಂದ. ಇಬ್ಬರೂ ಒಂದು ಅಧ್ಯಾಯ ಓದಿದರು. ಅವನು ಮಗಳ ವಿಷಯ ಎತ್ತಿದ. ಅವಳ ಜ್ವರ, ಅವಳ ಹಠ, ಕೊನೆಯ ದಿನ ತಾನು ಡ್ಯೂಟಿ ಬಿಡದೆ ಇದ್ದದ್ದು. ಮುಕ್ಕಾಲು ಗಂಟೆ ಮಾತಾಡಿದ. ಅಕ್ಕನ ನಾಲಿಗೆಯ ತುದಿಗೆ ಹತ್ತು ಸಾಂತ್ವನ ಬಂದವು. ಒಂದೊಂದನ್ನೂ ನುಂಗಿಕೊಂಡಳು. ನೂರು ಹಾಸು ಮಡಿಸಿದರೂ ಅವಳಿಗೆ ಅಷ್ಟು ದಣಿವಾಗುತ್ತಿರಲಿಲ್ಲ.

ಹೊರಡುವಾಗ ಅವನು ಕೇಳಿದ: "ಸೊಸೆಗೆ ಫೋನ್ ಮಾಡಿದ್ರಾ?"

ಮುಂದಿನ ವಾರವೂ ಕೇಳಿದ. ಅದರ ಮುಂದಿನ ವಾರವೂ. ಅಕ್ಕ ರೇಗಿದಳು. "ನಿಂಗ್ಯಾಕೋ ಅದು?"

"ನೀವು ಬಾಯ್ಬಿಟ್ಟು ಹೇಳಿದ್ರಲ್ಲ ಅಕ್ಕ. ಕೇಳಿ ಮರೆತುಬಿಡೋಕೆ ನಾನೇನು ಹೊರಗಿನವನಾ?"

ಐದನೇ ವಾರ ಫೋನ್ ಮಾಡಿ ಕ್ಷಮೆ ಕೇಳಿದಳು. ಸೊಸೆ ಎಲ್ಲ ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟಳು. ಅದನ್ನೂ ಕೂಟದಲ್ಲಿ ಹೇಳಿದಳು. ಅಷ್ಟರಲ್ಲಿ ಹಳೆಯವರಲ್ಲಿ ಮೂವರು ಮರಳಿ ಬಂದಿದ್ದರು. ಯಾರೂ ವಚನ ಹುಡುಕಲಿಲ್ಲ. ಅವರಲ್ಲೊಬ್ಬಳಾದ ನರ್ಸ್ ಅಕ್ಕನ ಒರಟು ಕೈ ಹಿಡಿದುಕೊಂಡಳು, ಅಷ್ಟೇ. ಎರಡು ತಿಂಗಳ ಮೇಲೆ ಸೊಸೆ ತಾನಾಗಿ ಫೋನ್ ಮಾಡಿ ಎರಡು ನಿಮಿಷ ಮಾತಾಡಿದಳು. ಮನೆಗೆ ಇನ್ನೂ ಬಂದಿಲ್ಲ.

ಆರನೇ ತಿಂಗಳು, ಯಾರೂ ನಿರೀಕ್ಷಿಸದ ಹಾಗೆ ಹಿರಿಯರ ಹೆಂಡತಿ ಒಬ್ಬರೇ ನಡೆದುಕೊಂಡು ಬಂದರು. ಅಷ್ಟು ವರ್ಷ ಕೂಟದಲ್ಲಿ "ಆಮೆನ್" ಬಿಟ್ಟು ಬೇರೆ ಮಾತಾಡಿದವರಲ್ಲ. ಅಂದು ಮದುವೆಯಾದ ದಿನದಿಂದ ಶುರುಮಾಡಿದರು, ಮೆಲ್ಲಗೆ, ಸೆರಗಿನ ಅಂಚು ಹಿಂಡುತ್ತ. ಅರ್ಧ ಗಂಟೆಯಾಗುವಷ್ಟರಲ್ಲಿ ಹೊರಗೆ ಸ್ಕೂಟರ್ ಬಂದು ನಿಂತಿತು. ಹಾರ್ನ್ ಒಮ್ಮೆ, ಎರಡು ಸಲ, ಮೂರು ಸಲ.

ಅಕ್ಕ ಬಾಗಿಲಿಗೆ ಹೋದಳು. "ಅಮ್ಮಾವ್ರು ಮಾತಾಡ್ತಿದ್ದಾರೆ. ಮುಗೀಲಿ."

"ಅವಳಿಗೆ ಮಾತಾಡೋಕೆ ಏನಿದೆ?"

"ಮೂವತ್ತೆಂಟು ವರ್ಷದ್ದಿದೆ. ಸ್ವಲ್ಪ ಹೊತ್ತಾಗುತ್ತೆ." ಹಾಗೆಂದು ಬಾಗಿಲನ್ನು ಇನ್ನಷ್ಟು ಅಗಲ ತೆರೆದಳು. "ಬರೋದಾದ್ರೆ ಬನ್ನಿ ಹಿರಿಯರೇ, ಜಾಗ ಇದೆ. ಚಪ್ಪಲಿ ಜೊತೆ ಉತ್ತರಾನೂ ಹೊರಗೇ ಬಿಡಿ."

ಹಿರಿಯರು ಬರಲಿಲ್ಲ. ಆದರೆ ಮತ್ತೆ ಹಾರ್ನ್ ಹೊಡೆಯಲೂ ಇಲ್ಲ. ಎಂಜಿನ್ ಆರಿಸಿ ಸೀಟಿನ ಮೇಲೆಯೇ ಕೂತರು. ಅಕ್ಕ ಒಳಗೆ ಬಂದು ಕೂತು, "ಹೇಳಿ ಅಮ್ಮ" ಎಂದಳು.