ಮೂವತ್ತಮೂರರಲ್ಲಿ ತಿರುಗಿದ ಡಿಸ್ಕೊ

ಡಿಸ್ಕೊ ಹುಟ್ಟಿದ್ದೇ ದುಃಖದಿಂದ ಎಂದು ಮೂರು ತಿಂಗಳು ಚಾಮರಾಜನಗರದಲ್ಲೆಲ್ಲ ಸಾರಿಕೊಂಡು ಬಂದವನು ನಾನು. ನನ್ನ ಅರಿಶಿನದ ಅಂಗಡಿಗೆ ಬಂದವರು ಯಾರೂ ಆ ಭಾಷಣ ಕೇಳದೆ ಹಿಂದಿರುಗಲಿಲ್ಲ.

ಇದಕ್ಕೆಲ್ಲ ಕಾರಣ ಡಿಸ್ಕೊ ಹಾಡಿನ ಒಂದು ಗ್ರಾಮಫೋನ್ ಪ್ಲೇಟು. ಗುಂಡ್ಲುಪೇಟೆಯಲ್ಲಿ ಹಿಂದೆ ಮೈಕ್ ಸೆಟ್ ಇಟ್ಟಿದ್ದ ಸಾಹೇಬರೊಬ್ಬರು ಹಳೇ ಸಾಮಾನು ಖಾಲಿ ಮಾಡುವಾಗ ಅದನ್ನೂ ಒಂದು ಪ್ಲೇಯರನ್ನೂ ತಂದಿದ್ದೆ. ತಂದದ್ದು ಹೆಂಡತಿಗಾಗಿ. ಮದುವೆಯಾದ ಹೊಸದರಲ್ಲಿ ಅವಳು ಡಿಸ್ಕೊ ಕುಣಿಯೋಣ ಅಂದಾಗ, ಮರ್ಯಾದಸ್ಥರು ಕುಣಿಯುವುದಿಲ್ಲ ಎಂದು ಬಾಯಿ ಮುಚ್ಚಿಸಿದ್ದೆ. ಆ ತಪ್ಪು ಈ ವಯಸ್ಸಿನಲ್ಲಿ ಕೊರೆಯತೊಡಗಿತ್ತು.

ಊಟದ ತಟ್ಟೆಯಷ್ಟಗಲದ ಪ್ಲೇಟು, ಒಂದು ಬದಿಗೆ ಒಂದೇ ಹಾಡು. ಕ್ಲಬ್ಬಿನ ಡಿಜೆಗಳಿಗಾಗಿಯೇ ಇವನ್ನು ಮಾಡುತ್ತಿದ್ದರಂತೆ. ಗೆರೆ ಅಗಲವಾದಷ್ಟೂ ಸದ್ದು ಜೋರು. ಹಾಡು ಉದ್ದವಾದಷ್ಟೂ ಕುಣಿಯುವವರು ಕೂರುವುದು ತಡ. ಮೊದಲ ಸಲ ಚಿಕ್ಕ ಖಾಲಿ ಪ್ಲೇಟು ಮುಗಿದುಹೋಗಿ ದೊಡ್ಡದರ ಮೇಲೆ ಹಾಡು ಕೊರೆದರಂತೆ. ಇಷ್ಟೆಲ್ಲ ಓದಿಕೊಂಡಿದ್ದೆ. ಲೇಬಲ್ಲಿನ ಮೇಲಿದ್ದ ನಲವತ್ತೈದನ್ನು ಮಾತ್ರ ಹಾಡಿನ ನಂಬರೆಂದುಕೊಂಡೆ. ದೊಡ್ಡ ಪ್ಲೇಟೆಂದರೆ ನಿಮಿಷಕ್ಕೆ ಮೂವತ್ತಮೂರು ಸುತ್ತಿನ ವೇಗ, ಅದರಲ್ಲಿ ಸಂಶಯವೇನು?

ಹಾಡು ಶುರುವಾಯಿತು. ಗಂಭೀರವಾದ ಗಂಡು ದನಿ, ಹೆಜ್ಜೆ ಎಣಿಸಿಕೊಂಡು ಬರುವ ಡ್ರಮ್ಮು. ನನ್ನ ಕಣ್ಣು ತುಂಬಿತು. ಸಾವಿನ ಮನೆಯ ಹಾಗಿದೆ ಎಂದಳು ಹೆಂಡತಿ. ನಿನಗೆ ಸಂಗೀತದ ಕಿವಿಯೇ ಇಲ್ಲ ಎಂದೆ. ಅವಳು ಮತ್ತೆ ಪ್ಲೇಯರಿನ ಹತ್ತಿರ ಸುಳಿಯಲಿಲ್ಲ.

ಮೊನ್ನೆ ಆ ಸಾಹೇಬರು ಅರಿಶಿನಕ್ಕೆಂದು ಅಂಗಡಿಗೆ ಬಂದರು. ಮನೆಗೆ ಎಳೆದೊಯ್ದು ಹಾಡು ಕೇಳಿಸಿ, ಭಾಷಣವನ್ನೂ ಕೊಟ್ಟೆ. ಅವರು ಕೂತಲ್ಲಿಂದಲೇ ಬಗ್ಗಿ ಲೇಬಲ್ಲು ನೋಡಿದರು.

"ಓಡೋ ಪ್ಲೇಟ್ನ ತೆವಳುಸ್ತಾ ಇದ್ದೀರಲ್ಲ ಸಾ," ಎಂದು ಎದ್ದು ವೇಗದ ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿದರು.

ನಾನು ಮೂರು ತಿಂಗಳು ಕೊಂಡಾಡಿದ್ದ ಗಂಡಸು ಒಬ್ಬಳು ಹುಡುಗಿ. ಅವಳು ಎಷ್ಟು ಖುಷಿಯಾಗಿ ಹಾಡುತ್ತಿದ್ದಳೆಂದರೆ ನನಗೆ ನಾಚಿಕೆಯಾಯಿತು.

ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು. ಒದ್ದೆ ಕೈ ಒರೆಸಿಕೊಳ್ಳುತ್ತಿದ್ದವಳ ಪಾದ ಆಗಲೇ ತಾಳ ಹಾಕುತ್ತಿತ್ತು. ಕಿವಿಯಿಲ್ಲದವನು ನಾನು ಎಂದು ಒಪ್ಪಿಕೊಂಡು, ಆ ಉತ್ಸಾಹದಲ್ಲೇ ಕುಣಿಯಲು ಹೋದೆ. ಅರ್ಧ ಹಾಡಿಗೇ ಸೊಂಟ ಹಿಡಿದುಕೊಂಡಿತು. ನಾನು ಗೋಡೆಗೆ ಒರಗಿದ್ದನ್ನು ಕಂಡು ಸಾಹೇಬರು ನಗು ನುಂಗಿಕೊಂಡು ಚಪ್ಪಲಿ ಮೆಟ್ಟಿ ಹೊರಟರು.

ಹೆಂಡತಿ ತಾನೇ ಗುಂಡಿಯನ್ನು ಮೂವತ್ತಮೂರಕ್ಕೆ ತಿರುಗಿಸಿದಳು. ಸಾವಿನ ಮನೆಯ ದನಿ ಮತ್ತೆ ಎದ್ದಿತು.

"ನಿಮ್ ಸೊಂಟುಕ್ಕೆ ಇಷ್ಟೇ ಸ್ಪೀಡ್ ಸಾಕು. ಬನ್ನಿ, ಕುಣಿಯನ," ಎಂದು ಕೈ ಚಾಚಿದಳು.