ಎರಡನೇ ಬೆಂಚಿನ ಫೋಟೋ

ಕ್ಯಾನ್ಸರ್ ಬಂದ ಮಕ್ಕಳಿಗೆ ಅವರವರ ಮನೆಗೇ ಹೋಗಿ ಪಾಠ ಹೇಳುವುದು ನನ್ನ ಕೆಲಸ. ಒಂದು ದಿನ ಮಾಲೂರು, ಇನ್ನೊಂದು ದಿನ ಮುಳಬಾಗಿಲು, ಬಸ್ಸು ಇಳಿದ ಕಡೆ ಊಟ. ನನ್ನದು ಬಾಯಿ ಜೋರು ಅಂತ ಎಲ್ಲರ ದೂರು. ಇರಲಿ ಬಿಡಿ. ಆ ಮನೆಗಳಲ್ಲಿ ಎಲ್ಲರೂ ಪಿಸುಗುಟ್ಟುವವರೇ, ಒಬ್ಬರಾದರೂ ಜೋರಾಗಿ ಮಾತಾಡಬೇಡವೇ?

ಯಲ್ದೂರಿನ ಆಚೆ, ಮಾವಿನ ತೋಪಿನೊಳಗೆ ಒಂದು ಮನೆ. ಅಲ್ಲಿನ ಹುಡುಗಿ ಹತ್ತನೇ ಕ್ಲಾಸು. ರಕ್ತದ ಕ್ಯಾನ್ಸರ್. ಬೆಂಗಳೂರಿನಲ್ಲಿ ಕೀಮೋ ಹಾಕಿಸಿಕೊಂಡು ಬಂದು ಮನೆಯಲ್ಲಿರುತ್ತಿದ್ದಳು. ಈ ವರ್ಷವೇ ಪರೀಕ್ಷೆ ಬರೆಯಬೇಕು ಎಂಬುದು ಅವಳ ಹಟ. 'ನನ್ ಜೊತೆಯೋರೆಲ್ಲಾ ಕಾಲೇಜಿಗೆ ಹೋಗ್ತಾರೆ, ನಾನೊಬ್ಳೇ ಹಿಂದೆ ಉಳೀಬೇಕಾ ಮಿಸ್?' ಎನ್ನುತ್ತಿದ್ದಳು. ತೋಪಿನಲ್ಲಿ ಮಟಮಟ ಮಧ್ಯಾಹ್ನವೂ ಮಬ್ಬು. ಕೂದಲು ಉದುರಿದ ಮೇಲೆ ಅವಳ ಅಮ್ಮ ಕನ್ನಡಿಗೆ ಹಳೇ ಸೀರೆ ಇಳಿಬಿಟ್ಟಿದ್ದರು. ಆ ಮುಚ್ಚಿದ ಕನ್ನಡಿಗೆ ಬೆನ್ನು ಹಾಕಿ ಕೂರಲು ನನಗೂ ಒಂಥರಾ ಆಗುತ್ತಿತ್ತು.

ನಾನು ಇಳಿಯುವ ಸ್ಟಾಪಿನ ಟೀ ಅಂಗಡಿಯಾಕೆ, 'ಆ ಮಗೂನಾ? ಎಷ್ಟ್ ಚೆನ್ನಾಗಿ ಓದ್ತಿತ್ತು, ಪಾಪ' ಎಂದು ಲೊಚಗುಟ್ಟುತ್ತಿದ್ದಳು. 'ಈಗ್ಲೂ ಓದ್ತಾನೇ ಇದ್ದಾಳೆ ಕಣಮ್ಮ, ಬಾಯಿಗೆ ಬಂದಂಗೆ ಮಾತಾಡ್ಬೇಡ' ಎಂದು ರೇಗಿದ್ದೆ. ಆದರೆ ತೋಪಿನ ದಾರಿಯಲ್ಲಿ ಒಬ್ಬಳೇ ನಡೆಯುವಾಗ ಆ ಮಾತು ಬೆನ್ನು ಬಿಡುತ್ತಿರಲಿಲ್ಲ.

ಶಾಲೆಯ ಪಾಠ ಅವಳಿಗೆ ವಿಡಿಯೋ ಕಾಲ್‌ನಲ್ಲಿ ಬರುತ್ತಿತ್ತು. ಲೆಕ್ಕದ ಮೇಷ್ಟ್ರು ತಮ್ಮ ಫೋನನ್ನು ಬೋರ್ಡಿನ ಕಡೆ ಮುಖಮಾಡಿ ಕಿಟಕಿಯಲ್ಲಿ ಇಡುತ್ತಿದ್ದರು. ಒಂದು ಬೆಳಿಗ್ಗೆ ಯಾವುದೋ ಆತುರದಲ್ಲಿ ಅದನ್ನು ತಿರುಗಿಸಿ ಇಟ್ಟು ಹೊರಗೆ ಹೋಗಿಬಿಟ್ಟರು. ಬೋರ್ಡಿನ ಬದಲು ಬೆಂಚುಗಳು ಕಂಡವು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ.

ಎರಡನೇ ಬೆಂಚಿನಲ್ಲಿ ಅವಳು ಕೂರುತ್ತಿದ್ದ ಜಾಗ. ಅಲ್ಲಿ ಅವಳದೇ ಫೋಟೋ, ಎರಡು ಜಡೆ ಹಾಕಿದ್ದು. ಫೋಟೋಗೆ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ, ಮುಂದೆ ಊದುಕಡ್ಡಿ. ಫೋನಿನಲ್ಲಿ ಧ್ವನಿಯೂ ಬರುತ್ತಿರಲಿಲ್ಲ, ಹೊಗೆ ಮಾತ್ರ ಮೆಲ್ಲಗೆ ಏಳುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಂದು, ಕಣ್ಣು ಮುಚ್ಚಿ, ಕೈಮುಗಿದು ಸರಿಯುತ್ತಿದ್ದರು. ಯಾರ ಮುಖದಲ್ಲೂ ನಗುವಿಲ್ಲ. 

ಫೋನ್ ಕಿತ್ತುಕೊಳ್ಳೋಣವೆಂದರೆ ಕೈ ಏಳಲಿಲ್ಲ. ಅವಳು ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ತನ್ನ ತೋಳನ್ನು ತಾನೇ ಚಿವುಟಿಕೊಂಡಳು.

'ಮಿಸ್, ನಾನ್ ಹೋಗ್ಬಿಟ್ಟಿದ್ದೀನಾ? ನಂಗೆ ಹೇಳ್ದೆ ನೀವು ಸುಮ್ನೆ ಬರ್ತಾ ಇದ್ದೀರಾ?'

'ಬಾಯ್ಮುಚ್ಚೇ!' ಎಂದು ಗದರಿಬಿಟ್ಟೆ. ಗದರದಿದ್ದರೆ ಅತ್ತುಬಿಡುತ್ತಿದ್ದೆ. ಒಳಗಿನಿಂದ ಅವಳ ಅಮ್ಮ 'ಅಯ್ಯೋ ದೇವುಡಾ, ಏನಾಯ್ತೇ?' ಎಂದು ಓಡಿಬಂದರು.

ಅವತ್ತಿನಿಂದ ಅವಳು ಪುಸ್ತಕ ಮುಟ್ಟಲಿಲ್ಲ. 'ಹಾರ ಹಾಕಿಸ್ಕೊಂಡೋಳಿಗೆ ಯಾತರ ಪರೀಕ್ಷೆ' ಎಂದು ಗೋಡೆಗೆ ಮುಖಮಾಡಿ ಮಲಗಿದಳು.

ನಾನು ಕೆಂಡವಾಗಿ ಶಾಲೆಗೆ ಹೋದೆ. 'ಬದುಕಿರೋಳಿಗೆ ಹಾರ ಹಾಕ್ತೀರಲ್ರೋ, ಬುದ್ಧಿ ಇದೆಯಾ ನಿಮಗೆ?' ಎಂದೆ. ಮಕ್ಕಳು ಪಿಳಿಪಿಳಿ ನೋಡಿದರು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬಿಕ್ಕುತ್ತಾ ಹೇಳಿದಳು: 'ಹರಕೆ ಮಿಸ್. ಅವ್ಳಿಗೆ ವಾಸಿ ಆಗ್ಲಿ ಅಂತ ಗುಡೀಲಿ ಮುಡುಪು ಕಟ್ಟಿದ್ದೀವಿ. ಯಾರನ್ನ ವಾಸಿ ಮಾಡ್ಬೇಕು ಅಂತ ಅಮ್ಮನೋರಿಗೆ ಗೊತ್ತಾಗ್ಬೇಡ್ವಾ? ಅದಕ್ಕೇ ಫೋಟೋ ಇಟ್ವಿ. ದೇವ್ರ ಮೇಲಿನ ಹಾರ ತಂದು ದಿನಾ ಹಾಕ್ತೀವಿ.'

ಪ್ರೀತಿಯೂ ಹೀಗೆ ಹೆದರಿಸುತ್ತದೆಯೇ, ಶಿವನೇ!

ತೋಪಿನ ಮನೆಗೆ ಬಂದು ವಿಷಯ ಹೇಳಿದರೆ ಹುಡುಗಿ ನಂಬಲಿಲ್ಲ. 'ನೀವ್ ಕಥೆ ಕಟ್ತೀರ ಮಿಸ್' ಎಂದಳು. 'ಹಂಗಾದ್ರೆ ನೀನೇ ಬಂದು ನೋಡು' ಎಂದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಡಾಕ್ಟರು ರಕ್ತ ನೋಡಿ, ಮಾಸ್ಕ್ ಹಾಕಿಕೊಂಡು ಸ್ವಲ್ಪ ಹೊತ್ತು ಶಾಲೆಗೆ ಹೋಗಬಹುದು ಎಂದರು. ಹೂವು, ಹೊಗೆ ಏನೂ ಇರಬಾರದೆಂದು ಮೇಷ್ಟ್ರಿಗೆ ಮೊದಲೇ ಹೇಳಿ, ಆಟೋದಲ್ಲಿ ಕರೆದುಕೊಂಡು ಹೋದೆ.

ಕ್ಲಾಸಿನ ಬಾಗಿಲಲ್ಲಿ ನಿಂತಳು. ಕೂದಲಿಲ್ಲದ ತಲೆ, ಮಾಸ್ಕು, ಜೋಲುವ ಯೂನಿಫಾರ್ಮು. ಹಾರ ತೆಗೆದಿದ್ದರು, ಫೋಟೋ ಅಲ್ಲೇ ಇತ್ತು. ಮಕ್ಕಳು ಫೋಟೋ ನೋಡಿದರು, ಅವಳನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಒಬ್ಬ ಗೋಡೆಗೆ ಅಂಟಿಕೊಂಡ. ದಿನಾ ಪೂಜೆ ಮಾಡಿದವರಿಗೆ ಅವಳೇ ಎದುರು ಬಂದಾಗ ಭಯ. ಇಲ್ಲಿಂದ ತಿರುಗಿ ಹೋದಳೆಂದರೆ ಪರೀಕ್ಷೆಯ ಮಾತೇ ಮುಗಿಯಿತು.

ಅವಳು ನೆಟ್ಟಗೆ ತನ್ನ ಬೆಂಚಿಗೆ ಹೋದಳು. ತುದಿಯಲ್ಲಿ ಕೂತಿದ್ದ ಗೆಳತಿ ಎದ್ದು, ಕಣ್ಣು ಮುಚ್ಚಿ, ಕೈಮುಗಿದಳು.

ಹುಡುಗಿ ಫೋಟೋವನ್ನು ಬೋರಲು ಹಾಕಿದಳು.

'ಕೈ ಯಾಕೇ ಮುಗೀತೀಯ? ಜರುಗೇ ಆ ಕಡೆ, ನಾನು ಕೂತ್ಕೋಬೇಕು. ಲೆಕ್ಕ ಎಲ್ಲೀವರ್ಗೂ ಆಗಿದೆ?'