ಮೀನು ನಾರುವ ಪ್ರೇಮಕಥೆ

ನಮ್ಮ ಗಣಿ ಊರಿನಲ್ಲಿ ಪುಸ್ತಕ ಬರೆದವರು ಯಾರೂ ಇಲ್ಲ. ಇದ್ದಿದ್ದರೂ ಮರ್ನಾ ಸಲ್ಮೆಲಾಳ ಬಾಯಿಗೆ ಹೆದರಿ ಎಂದೋ ಊರು ಬಿಟ್ಟಿರುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು ಅವಳು. ಉಪ್ಪು ಸಾಲದ ಸೂಪನ್ನೂ ಹುರುಳಿಲ್ಲದ ಕಥೆಯನ್ನೂ ಒಂದೇ ಮುಖ ಮಾಡಿ ಆಚೆ ತಳ್ಳುತ್ತಾಳೆ. ಆದರೆ ಹಿಡಿದ ಪುಸ್ತಕವನ್ನು ಮುಗಿಸದೆ ಬಿಟ್ಟವಳಲ್ಲ.

ಚಳಿಗಾಲದಲ್ಲಿ ಗುರುವಾರ ಮಧ್ಯಾಹ್ನ ನಾವು ಕೆಲವು ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತೇವೆ. ಒಂದೇ ಪುಸ್ತಕ ಕೈಯಿಂದ ಕೈಗೆ ದಾಟುತ್ತದೆ. ಯಾವ ಪುಟ ತೀರಾ ಕೆಟ್ಟದಾಗಿದೆಯೋ ಅಲ್ಲಿಗೊಂದು ಚೀಟಿ ಸಿಕ್ಕಿಸಬೇಕು. ಕೊನೆಗೆ ಓದಿದವಳು ಎದ್ದು ನಿಂತು ಆ ಪುಟಗಳನ್ನು ಓದಿ ಎಲ್ಲರನ್ನೂ ನಗಿಸಬೇಕು. ಚೀಟಿ ಬಿತ್ತೆಂದರೆ ಆ ಪುಟದ ಮಾನ ಹೋಯಿತೆಂದೇ ಅರ್ಥ.

ಕಳೆದ ಚಳಿಗಾಲದಲ್ಲಿ ಪುಸ್ತಕ ತಂದವಳು ನಾನು, ಲವಾನ್. ದೇಶವೆಲ್ಲ ಅದನ್ನೇ ಓದುತ್ತಿತ್ತು. ನನ್ನ ಸೊಸೆ ಅದಕ್ಕಾಗಿ ಅಂಗಡಿಯ ಮುಂದೆ ಹಿಮದಲ್ಲಿ ಸಾಲು ನಿಂತಿದ್ದಳು. ಹಾಳೆಗಳ ಅಂಚಿಗೆಲ್ಲ ಬೆಳ್ಳಿ ಬಣ್ಣ. ಒಳಗೆ ಮಂಜಿನ ನಾಡಿನ ಶಾಪಗ್ರಸ್ತ ರಾಜಕುಮಾರ, ಅವನನ್ನು ಕೊಲ್ಲಲು ಬಂದು ಅವನಿಗೇ ಮನಸೋಲುವ ಬೇಟೆಗಾತಿ. ಒಲೆಯ ಮೇಲೆ ಆಲೂಗಡ್ಡೆ ಸೀದರೂ ನಾನು ತಲೆ ಎತ್ತಲಿಲ್ಲ.

ಮರ್ನಾಳಿಗೆ ಕೊಟ್ಟೆ. ಕೆಲವು ವಾರ ಅದು ಗಂಡ-ಹೆಂಡಿರ ಗಾಡಿಯ ಸೀಟಿನ ಮೇಲೇ ಬಿದ್ದಿತ್ತು. ಆಮೇಲೊಂದು ದಿನ ಫೋನು ಬಂತು.

“ಏನೇ ಇದು ಲವಾನ್? ಇಷ್ಟೊಂದು ಡಂಗುರ ಹೊಡೆದಿದ್ದು ಇದಕ್ಕಾ? ಆ ರಾಜಕುಮಾರ ಪುಟಕ್ಕೊಂದ್ಸಲ ಹಲ್ಲು ಕಡೀತಾನೆ. ಅವನ ದವಡೆ ಇನ್ನೂ ಹೇಗೆ ಉಳಿದಿದೆ?”

“ಸುಮ್ನೆ ಖುಷಿಗೆ ಓದೇ. ಬಾಗಿಲು ತೆಗಿಯೋಕಾಗದಷ್ಟು ಹಿಮ ಬಿದ್ದಿದೆ. ಸ್ವಲ್ಪ ಹೊತ್ತು ಬೇರೆಲ್ಲಾದ್ರೂ ಹೋಗಿ ಬಂದಂಗಾಗತ್ತೆ.”

“ಅಲ್ಲೂ ಹಿಮಾನೇ ಇದೆಯಲ್ಲೇ! ಇನ್ನೊಂದು, ನಿನ್ನ ಪುಸ್ತಕ ಮೀನು ನಾರತ್ತೆ.”

ನನಗೆ ಉರಿದುಹೋಯಿತು. ನನ್ನ ಮನೆಯಲ್ಲಿ ಮೀನು ಬೇಯಿಸಿ ಯಾವ ಕಾಲವಾಯಿತೋ.

ಮೀನಿನ ಸಹವಾಸವಿದ್ದದ್ದು ಅವಳ ಗಂಡ ಆರ್ವೊನಿಗೆ. ಗಣಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿದ ತಮ್ಮ ಎಸ್ಕೊ ಎಲೆ ಉದುರುವ ಕಾಲಕ್ಕೆ ತೀರಿಕೊಂಡ ಮೇಲೆ ಆರ್ವೊ ಮಾತೇ ಬಿಟ್ಟಿದ್ದ. ಬೆಳಗಾದರೆ ಹೆಪ್ಪುಗಟ್ಟಿದ ಕೆರೆಯ ಮೇಲಿನ ತನ್ನ ಹಲಗೆ ಗೂಡು ಸೇರಿ, ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಗಾಳ ಬಿಟ್ಟು ಕೂರುತ್ತಿದ್ದ. ಸಂಜೆ ಬರಿಗೈಯಲ್ಲಿ ಬರುತ್ತಿದ್ದ.

“ಗೋಡೆ ಜೊತೆ ಊಟ ಮಾಡ್ತಿದೀನಿ ಕಣೇ. ಒಂದು ಮಾತಾಡ್ಲಿ ಸಾಕು, ಬೈದ್ರೂ ಸರಿ,” ಎಂದು ಮರ್ನಾ ನನ್ನೆದುರು ಅತ್ತಿದ್ದಳು. ಅವಳು ಅತ್ತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಫೋನು ಬಂದ ವಾರದ ಗುರುವಾರ ಅವಳು ಓದಲು ಎದ್ದು ನಿಂತಾಗ ಪುಸ್ತಕದ ತುಂಬ ಹಳದಿ ಚೀಟಿಗಳು.

“ನಮ್ಮ ಲವಾನ್ ಬಾಯಲ್ಲಿ ಹೊಗಳಿದ್ದೇ ಹೊಗಳಿದ್ದು. ಒಳಗೆ ಎಷ್ಟು ಚೀಟಿ ಇಟ್ಟಿದಾಳೆ ನೋಡ್ರೇ!”

ನಾನು ಬಾಯಿ ತೆರೆಯುವಷ್ಟರಲ್ಲಿ ಓದು ಶುರುವಾಗಿತ್ತು. ರಾಜಕುಮಾರ ಹೆಪ್ಪುಗಟ್ಟಿದ ನದಿಗೆ ಕಿವಿಯಿಟ್ಟು ಸತ್ತ ತಮ್ಮನೊಡನೆ ಮಾತಾಡುವ ಪುಟ.

“‘ಅಣ್ಣಾ, ಕೆಳಗೆ ತುಂಬಾ ಚಳಿ’ ಅಂತಾನಂತೆ!” ಮರ್ನಾ ಮೂಗಿನಲ್ಲಿ ರಾಗ ಎಳೆದಳು. “ಸತ್ತ ಮೇಲೂ ಚಳಿಯಂತೆ ಪಾಪ! ಉಣ್ಣೆ ಕಾಲುಚೀಲ ಹಾಕಿ ಹೂಳಬೇಕಿತ್ತು!”

ನಗುವಿಗೆ ಕಾಫಿ ಚೆಲ್ಲಿತು. ಮುಂದಿನ ಚೀಟಿಯೂ ಆ ತಮ್ಮನದೇ. ಅದರ ಮುಂದಿನದೂ. ನನಗೆ ಎಸ್ಕೊ ನೆನಪಾದ.

“ಮರ್ನಾ, ನಿಲ್ಲಿಸು. ನಾನು ಒಂದು ಚೀಟೀನೂ ಇಟ್ಟಿಲ್ಲ.”

“ಮತ್ತೆ ಯಾರು, ನಿಮ್ಮಜ್ಜಿ ಇಟ್ಟರಾ?”

“ನಾನಿಟ್ಟಿದ್ದು.”

ಬಾಗಿಲಲ್ಲಿ ಆರ್ವೊ ನಿಂತಿದ್ದ. ಹೆಂಡತಿಯನ್ನು ಕರೆದೊಯ್ಯಲು ಬಂದವನು, ಟೋಪಿ ಕೈಯಲ್ಲಿ ಹಿಡಿದು ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ. ಕರಡಿಯಂಥ ಆಳು, ಗಾಳದ ಡಬ್ಬಿಯ ಮೇಲಿನ ಬರಹ ಬಿಟ್ಟು ಬೇರೇನೂ ಓದಿದ್ದನ್ನು ಕಂಡವರಿಲ್ಲ! ಚೀಟಿಯೊಂದನ್ನು ಎಳೆದು ನೋಡಿದೆ. ಗಾಳಕ್ಕೆ ಸಿಕ್ಕಿಸುವ ಮರಿಮೀನು ಮಾರುವ ಅಂಗಡಿಯ ರಸೀದಿಯ ತುಂಡು.

“ಚೆನ್ನಾಗಿದ್ದ ಕಡೆ ಇಟ್ಟೆ, ತಿರುಗಿ ಓದೋಕೆ,” ಎಂದ. “ನಿಮ್ಮ ಪದ್ಧತಿ ನಂಗೊತ್ತಿರ್ಲಿಲ್ಲ.”

ಅಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋದ. ಮರ್ನಾ ಕೋಟನ್ನೂ ಹಾಕಿಕೊಳ್ಳದೆ ಅವನ ಹಿಂದೆ ಓಡಿದಳು. ಅವಳ ಕೋಟು, ಅವಳು ತಂದಿದ್ದ ಅಡುಗೆಯ ಪಾತ್ರೆ ಎರಡನ್ನೂ ಹೊತ್ತು ನಾನೂ ಓಡಿದೆ. ಇಬ್ಬರೂ ಗಾಡಿಯೊಳಗೆ ಕೂತಿದ್ದರು, ಕಿಟಕಿ ಇಳಿದಿತ್ತು.

“ಕಾಲುಚೀಲದ ಮಾತು ಆಡಬಾರದಿತ್ತು, ಆರ್ವೊ.”

“ಹೂಂ.”

“ಆದ್ರೆ ಪುಸ್ತಕ ಕೆಟ್ಟದ್ದೇ. ನಿಂಗೋಸ್ಕರ ಸುಳ್ಳು ಹೇಳಲ್ಲ.”

“ಕೆಟ್ಟದ್ದೇ. ಆ ಹಲ್ಲು ಕಡಿಯೋದು ನಂಗೂ ಸಾಕಾಗಿಹೋಯ್ತು.” ಅವನು ಕೆರೆಯ ಕಡೆ ನೋಡಿದ. “ಆದ್ರೆ ತಮ್ಮ ಮಾತಾಡ್ತಾನಲ್ಲ. ಅಲ್ಲಿ ಕೂತು ಓದ್ತಾ ಇದ್ರೆ ಎಸ್ಕೊನೇ ಪಕ್ಕ ಕೂತಂಗಿರತ್ತೆ. ಎರಡನೇ ಭಾಗದಲ್ಲಿ ಅವನು ಮೇಲೆ ಬರ್ತಾನಾ?”

ಎಸ್ಕೊ ಹೋದ ಮೇಲೆ ಅವನು ಅಷ್ಟುದ್ದ ಮಾತಾಡಿದ್ದೇ ಇಲ್ಲ. ನಾನು ಕಿಟಕಿಯ ಬಳಿ ಪಾತ್ರೆ ಹಿಡಿದು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ.

“ಲವಾನ್!” ಮರ್ನಾ ಕಣ್ಣೊರೆಸಿಕೊಂಡು ಗದರಿದಳು. “ಬಾಯಿ ಮುಚ್ಕೊಂಡು ಪಾತ್ರೆ ಕೊಡು. ಎರಡನೇ ಭಾಗ ನಿನ್ನ ಸೊಸೆ ಹತ್ರ ಇದ್ಯಾ?”

ಇತ್ತು. ಮರುದಿನವೇ ಕೊಟ್ಟುಬಂದೆ. ವಾರ ಕಳೆದು ಕೆರೆಯ ಮೇಲೆ ಹಾದುಹೋಗುವಾಗ ಆರ್ವೊನ ಗೂಡಿನೊಳಗಿಂದ ಮರ್ನಾಳ ದನಿ ಕೇಳಿಸಿತು. ಜೋರಾಗಿ ಓದುತ್ತಿದ್ದಳು, ನಡುವೆ ನಿಲ್ಲಿಸಿ ಬರೆದವರನ್ನು ಬಾಯಿಗೆ ಬಂದಂತೆ ಬೈದಳು.

“ಬೈಕೊಂಡೇ ಓದು ಮಾರಾಯ್ತಿ,” ಎಂದಿತು ಆರ್ವೊನ ದನಿ. “ಆದ್ರೆ ಅವನು ಮಾತಾಡೋ ಕಡೆ ಮೆಲ್ಲಗೆ ಓದು.”

ಮರ್ನಾ ಮೆಲ್ಲಗೆ ಓದಿದಳು. ನನಗೆ ಹೊರಗೆ ಏನೂ ಕೇಳಿಸಲಿಲ್ಲ.